ಗಟ್ಟಿ ವಸ್ತುವಿನೊಳಗೆ ಓಡುವುದು ಏನು? ಬೈಂಡಿಂಗ್ ಅಂಗಡಿಯ ಹುಡುಗ ಫ್ಯಾರಡೆಯ ಕಥೆ

ಸಾಲಿಡ್-ಸ್ಟೇಟ್ ಬ್ಯಾಟರಿ ನಿನ್ನೆ ಮೊನ್ನೆ ಹುಟ್ಟಿದ್ದು ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಾರಿಗೆ ಹಾಕುವ ಬ್ಯಾಟರಿ ಹೊಸದೇ ಇರಬಹುದು, ಅದರ ಬೇರು ಮಾತ್ರ ಸುಮಾರು 190 ವರ್ಷ ಹಳೆಯದು. ಆ ಬೇರು ಹಿಡಿದು ಹೋದರೆ ನಮಗೆ ಸಿಗುವವರು ಮೈಕೆಲ್ ಫ್ಯಾರಡೆ.

1791ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಅಪ್ಪ ಕಮ್ಮಾರ, ಮನೆಯಲ್ಲಿ ಬಡತನ. 14ನೇ ವಯಸ್ಸಿಗೆ ಲಂಡನ್ನಿನ ಬುಕ್ ಬೈಂಡಿಂಗ್ ಅಂಗಡಿ ಸೇರಿದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನು ಓದುತ್ತಲೇ ವಿದ್ಯುತ್ತಿನ ಹುಚ್ಚು ಹಿಡಿಯಿತು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಬೈಂಡ್ ಮಾಡಿ ಅವರಿಗೇ ಕಳಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಸಹಾಯಕರಾದರು. ಇದಕ್ಕಿಂತ ಚಂದದ ಕೆಲಸದ ಅರ್ಜಿ ನಾವಂತೂ ಕಂಡಿಲ್ಲ.

ಡೈನಮೋಗೆ ದಾರಿ ಮಾಡಿದ 1831ರ ಪ್ರಯೋಗ ಶಾಲೆಯ ಪುಸ್ತಕದಲ್ಲೇ ಇದೆ, ಬಿಡಿ. ನಮಗೆ ಬೇಕಾದದ್ದು 1833ರದ್ದು. ಬೆಳ್ಳಿ ಕಪ್ಪಾದಾಗ ಮೇಲೆ ಕೂರುತ್ತದಲ್ಲ, ಸಿಲ್ವರ್ ಸಲ್ಫೈಡ್, ಅದರ ತುಂಡೊಂದನ್ನು ಫ್ಯಾರಡೆ ಪ್ಲಾಟಿನಂ ತಗಡುಗಳ ನಡುವೆ ಇಟ್ಟು, ಬ್ಯಾಟರಿ, ಗ್ಯಾಲ್ವನೋಮೀಟರ್ ಜೋಡಿಸಿದರು. ಮುಳ್ಳು ತುಸುವೇ ಅಲುಗಿತು. ಕೆಳಗೆ ದೀಪ ಹಿಡಿದಾಗ ವಿದ್ಯುತ್ ಏರುತ್ತ ಹೋಯಿತು, ದೀಪ ತೆಗೆದಾಗ ಇಳಿಯಿತು. ಲೋಹವಾಗಿದ್ದರೆ ಬಿಸಿಯಾದಷ್ಟೂ ಕಡಿಮೆ ಹರಿಸಬೇಕಿತ್ತು. ಮುಂದೆ ಲೆಡ್ ಫ್ಲೋರೈಡ್ ಕೂಡ, ಕರಗದೆ ಗಟ್ಟಿಯಾಗಿರುವಾಗಲೇ, ಕಾಯಿಸಿದಾಗ ವಿದ್ಯುತ್ ಹರಿಸಿತು.

ಒಳಗೆ ಓಡುತ್ತಿದ್ದದ್ದು ಏನು? ಅಯಾನು, ಅಂದರೆ ಚಾರ್ಜ್ ಹೊತ್ತು ಸಾಗುವ ಕಣ, ಎಂಬ ಹೆಸರನ್ನು ಬಳಕೆಗೆ ತಂದವರೇ ಫ್ಯಾರಡೆ. ಆದರೆ ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ, 1867ರಲ್ಲಿ ಅವರು ತೀರಿಕೊಂಡು 30 ವರ್ಷವಾದ ಮೇಲೆ. ಗ್ಯಾಲ್ವನೋಮೀಟರಿಗಂತೂ ಎರಡೂ ಒಂದೇ. ಲೆಡ್ ಫ್ಲೋರೈಡ್‌ನಲ್ಲಿ ಓಡುವುದು ಫ್ಲೋರೈಡ್ ಅಯಾನು, ಸಿಲ್ವರ್ ಸಲ್ಫೈಡ್‌ನಲ್ಲಿ ಎಲೆಕ್ಟ್ರಾನೂ ಬೆಳ್ಳಿಯ ಅಯಾನೂ ಎಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಇಂದಿನ ಸಾಲಿಡ್-ಸ್ಟೇಟ್ ಬ್ಯಾಟರಿಯ ತಲೆನೋವೂ ಇದೇ. ಎಲೆಕ್ಟ್ರೋಡಿನೊಳಗೆ ಎಲೆಕ್ಟ್ರಾನಿಗೂ ಲಿಥಿಯಂ ಅಯಾನಿಗೂ ದಾರಿ ಬೇಕು. ಒಂದರ ದಾರಿ ಕಟ್ಟಿದರೂ ಬ್ಯಾಟರಿ ಸೊರಗುತ್ತದೆ. ಎರಡು ಎಲೆಕ್ಟ್ರೋಡುಗಳ ನಡುವಿನ ಎಲೆಕ್ಟ್ರೊಲೈಟ್ ಪದರದ ಮಾತೇ ಬೇರೆ: ಅಲ್ಲಿ ಎಲೆಕ್ಟ್ರಾನ್ ನುಸುಳಿದರೆ ಚಾರ್ಜ್ ತಾನಾಗಿ ಸೋರಿಹೋಗುತ್ತದೆ. ಹಾಗಾಗಿ ಎಲೆಕ್ಟ್ರಾನಿನ ಪಾಲನ್ನು ಪ್ರತ್ಯೇಕವಾಗಿ ಅಳೆಯಲೇಬೇಕು.

ಜೋಡಣೆ ಫ್ಯಾರಡೆಯವರದ್ದೇ: ಎರಡು ಲೋಹದ ನಡುವೆ ಒಂದು ತುಂಡು. ಎಲೆಕ್ಟ್ರೋಡಿನ ಪುಡಿಯನ್ನು ಬಿಲ್ಲೆಯಾಗಿ ಒತ್ತಿ, ಎರಡೂ ಬದಿಗೆ ಅಯಾನನ್ನು ದಾಟಲು ಬಿಡದ ಸ್ಟೀಲ್ ಇಟ್ಟು, ಸಣ್ಣ ವೋಲ್ಟೇಜ್ ಕೊಟ್ಟು ಕಾಯುತ್ತಾರೆ. ಮೊದಲು ವಿದ್ಯುತ್ ಜೋರಾಗಿರುತ್ತದೆ. ಅಯಾನುಗಳು ಸ್ಟೀಲಿನ ಬಳಿ ಹೋಗಿ ನಿಂತಂತೆ ಇಳಿಯುತ್ತದೆ. ಕೊನೆಗೆ ಏರದೆ ಇಳಿಯದೆ ಉಳಿಯುತ್ತದಲ್ಲ, ಅದು ಎಲೆಕ್ಟ್ರಾನಿನ ಪಾಲು. ಬಿಲ್ಲೆಯ ದಪ್ಪ, ಅಗಲ ಗೊತ್ತಿದ್ದರೆ ವಾಹಕತೆಯ ಲೆಕ್ಕ ಸಿಕ್ಕಿತು.