ಅಭಿನವ ಕಾಳಿದಾಸ ಬಸವಪ್ಪ ಶಾಸ್ತ್ರಿಗಳು

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯ ಸುತ್ತಣ ಗ್ರಾಮಗಳಲ್ಲಿಯೂ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿಯೂ ಸುಗ್ಗಿಯ ಕೆಲಸ ತೀರಿದ ಬಳಿಕ ಪೌರಾಣಿಕ ನಾಟಕಗಳನ್ನಾಡುವ ವಾಡಿಕೆಯುಂಟು. ಓದುಬರಹವನ್ನರಿಯದ ಬೇಸಾಯಗಾರನೂ ಮೇಷ್ಟರು ಹೇಳಿಕೊಟ್ಟ ಮಾತನ್ನೂ ಹಾಡನ್ನೂ ಕಿವಿಯಿಂದಲೇ ಕಲಿತು, ಬೆಳಗಾಗುವ ತನಕ ಅರಸನಾಗಿ ರಂಗದ ಮೇಲೆ ಮೆರೆಯುವುದನ್ನು ಈ ಸೀಮೆಯವರು ಬಲ್ಲರು. ಕೇಳಿ ಪಡೆದುದು ಓದಿ ಪಡೆದುದಕ್ಕಿಂತ ಕೀಳೆಂದು ಬಗೆಯುವವರಿಗೆ ಬಸವಪ್ಪ ಶಾಸ್ತ್ರಿಗಳ ಜೀವಿತವು ತಕ್ಕ ಉತ್ತರವಾಗಿದೆ. ಏಕೆಂದರೆ ಗ್ರಂಥಗಳ ನಡುವೆಯೇ ಬೆಳೆದ ಆ ಪಂಡಿತೋತ್ತಮರು, ತಮಗೆ ಬಾರದ ಭಾಷೆಯೊಂದರ ನಾಟಕವನ್ನು ಕೇವಲ ಶ್ರವಣದಿಂದ ಗ್ರಹಿಸಿ ಕನ್ನಡಕ್ಕೆ ತಂದುಕೊಟ್ಟರು.

ಶಾಸ್ತ್ರಿಗಳು ೧೮೪೩ನೆಯ ಇಸವಿಯಲ್ಲಿ ಬೆಂಗಳೂರು ಸೀಮೆಯ ನಾರುಸಂದ್ರವೆಂಬ ಗ್ರಾಮದಲ್ಲಿ, ವೀರಶೈವ ವಿದ್ವನ್ಮನೆತನವೊಂದರಲ್ಲಿ ಜನಿಸಿದರು. ಇವರ ತಂದೆಯವರಾದ ಮಹದೇವ ಶಾಸ್ತ್ರಿಗಳು ಮುಮ್ಮಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿದ್ದವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಮೈಸೂರಿನ ಅರಮನೆಯೇ ಆಸರೆಯಾಯಿತು. ಗರಳಪುರಿ ಶಾಸ್ತ್ರಿಗಳಂತಹ ಆಸ್ಥಾನ ವಿದ್ವಾಂಸರ ಬಳಿ ಸಂಸ್ಕೃತ ವ್ಯಾಸಂಗವಾಯಿತು. ತರುಣ ವಯಸ್ಸಿನಲ್ಲಿಯೇ ತಮ್ಮ ಆಶ್ರಯದಾತರನ್ನು ಕುರಿತು ಕೃಷ್ಣರಾಜಾಭ್ಯುದಯವೆಂಬ ಕೃತಿಯನ್ನು ರಚಿಸಿದರು. ೧೮೬೮ರಲ್ಲಿ ಮುಮ್ಮಡಿಯವರು ಶಿವೈಕ್ಯರಾದ ಮೇಲೆ, ಪಟ್ಟಕ್ಕೆ ಬಂದ ಬಾಲಕ ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ಕನ್ನಡ ಪಾಠವನ್ನು ಹೇಳುವ ಭಾಗ್ಯವೂ ಇವರದಾಯಿತು.

ಈ ಹಾದಿಯಲ್ಲಿಯೇ ಮುಂದುವರಿದಿದ್ದರೆ ಶಾಸ್ತ್ರಿಗಳು ಚಂಪೂಕಾವ್ಯಗಳನ್ನೂ ಸ್ತೋತ್ರಗಳನ್ನೂ ಬರೆದ ಹಲವರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರೇನೋ. ಅವರ ಕವಿತಾಶಕ್ತಿಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದುದು ಪುಸ್ತಕವಲ್ಲ, ಪಂಡಿತಸಭೆಯೂ ಅಲ್ಲ. ಊರಿಂದೂರಿಗೆ ತಿರುಗುತ್ತಿದ್ದ ನಾಟಕ ಮಂಡಳಿಗಳು. ೧೮೮೧ರಲ್ಲಿ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯಾಧಿಕಾರವು ಮರಳಿ ಬಂದ ಕಾಲಕ್ಕೆ ಸರಿಯಾಗಿ ಸಾಂಗಲಿಯ ಮರಾಠಿ ಮಂಡಳಿಯೂ ಪಾರಸಿ ಮಂಡಳಿಯೂ ಮೈಸೂರಿಗೆ ಬಂದು ಆಟವಾಡಿದವು. ಅವುಗಳ ಪರದೆ, ಉಡುಗೆ, ಸಂಗೀತಗಳನ್ನು ಕಂಡು ಸಂತೋಷಪಟ್ಟ ಪ್ರಭುಗಳಿಗೆ, ತಮ್ಮ ನಾಡಿನಲ್ಲಿ ತಮ್ಮ ನುಡಿಯಲ್ಲಿಯೇ ಇಂತಹ ಆಟವೇಕಾಗಬಾರದೆಂಬ ಹಂಬಲ ಹುಟ್ಟಿತು. ಅರಮನೆಯ ನಾಟಕ ಸಭೆಯು ಸ್ಥಾಪಿತವಾಯಿತು. ನಟರು ಸಿದ್ಧರಿದ್ದರು; ಆದರೆ ಅವರ ಬಾಯಿಗೆ ಒಪ್ಪುವ ಕನ್ನಡ ನಾಟಕಗಳು ಸಾಲದಾಗಿದ್ದವು. ಆ ಭಾರವು ಬಸವಪ್ಪ ಶಾಸ್ತ್ರಿಗಳ ಹೆಗಲಿಗೆ ಬಂದಿತು.

ವೇಷ ಕಟ್ಟುವವರನ್ನು ಪಂಡಿತವರ್ಗವು ಹಗುರವಾಗಿ ಕಾಣುತ್ತಿದ್ದ ಕಾಲವದು. ನಾಲ್ಕಾಣೆ ಕೊಟ್ಟು ಬಂದು ಕುಳಿತವನಿಗೂ ಅರ್ಥವಾಗುವಂತೆ ಬರೆಯುವುದು ಶ್ಲೇಷಯಮಕಗಳಲ್ಲಿ ಪಳಗಿದ ಲೇಖನಿಗೆ ಸುಲಭವಲ್ಲ. ಶಾಸ್ತ್ರಿಗಳು ಈ ಕಾರ್ಯವನ್ನು ಹಗುರವೆಂದು ತಳ್ಳಲಿಲ್ಲ. ಕಾಳಿದಾಸನ ಶಾಕುಂತಲ ವಿಕ್ರಮೋರ್ವಶೀಯಗಳು, ಭವಭೂತಿಯ ಉತ್ತರರಾಮಚರಿತೆ ಮಾಲತೀಮಾಧವಗಳು, ಹರ್ಷನ ರತ್ನಾವಳಿ, ಕ್ಷೇಮೀಶ್ವರನ ಚಂಡಕೌಶಿಕ, ಇವೆಲ್ಲವೂ ಇವರಿಂದ ಕನ್ನಡದ ಮಾತನ್ನೂ ಹಾಡನ್ನೂ ಪಡೆದು ರಂಗವನ್ನೇರಿದವು. ಶಾಕುಂತಲವು ಜನರ ಮನಸ್ಸನ್ನು ಸೂರೆಗೊಂಡಿತು. ಮಹಾರಾಜರು ಇವರಿಗೆ ಅಭಿನವ ಕಾಳಿದಾಸರೆಂಬ ಬಿರುದನ್ನಿತ್ತು ಗೌರವಿಸಿದರು. ಚಂಡಕೌಶಿಕದ ಹರಿಶ್ಚಂದ್ರನಾದರೋ ರಾಘವಾಂಕನ ಕಾಲದಿಂದಲೂ ಕನ್ನಡಿಗರ ಮನೆಯವನೇ. ಅವನು ಮತ್ತೊಂದು ದಾರಿಯಿಂದ ತನ್ನ ಮನೆಗೆ ಮರಳಿ ಬಂದಂತಾಯಿತು.

ಇವೆಲ್ಲಕ್ಕೂ ಮಿಗಿಲಾಗಿ ಆಶ್ಚರ್ಯಕರವಾದುದು ಶೂರಸೇನ ಚರಿತ್ರೆಯ ಹುಟ್ಟು. ಆಂಗ್ಲಕವಿ ಷೇಕ್ಸ್‌ಪಿಯರನ ಒಥೆಲೋ ನಾಟಕವೇ ಇದಕ್ಕೆ ಮೂಲ. ಶಾಸ್ತ್ರಿಗಳು ಇಂಗ್ಲಿಷನ್ನು ಕಲಿತವರಲ್ಲ. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ಕಥೆಯನ್ನೂ ಅದರ ಭಾವವನ್ನೂ ಕನ್ನಡದಲ್ಲಿ ವಿವರಿಸಿದರು, ಶಾಸ್ತ್ರಿಗಳು ಕೇಳಿದರು, ಕೇಳಿದುದನ್ನು ಮನಸ್ಸಿನಲ್ಲಿ ಕರಗಿಸಿ, ಕನ್ನಡದ ಅಚ್ಚಿನಲ್ಲಿ ಎರಕಹೊಯ್ದರು. ಸಂಶಯವೆಂಬ ವಿಷವು ಶೂರನ ಎದೆಯನ್ನು ಹೊಕ್ಕು ನಿರಪರಾಧಿನಿಯಾದ ಸತಿಗೆ ಕೇಡಾಗುವ ಕಥೆ ಅದು. ರಂಗದ ಮೇಲೆ ಮರಣವನ್ನು ತೋರಲಾಗದೆಂಬ ನಾಟ್ಯಶಾಸ್ತ್ರದ ಪದ್ಧತಿಯಲ್ಲಿ ಬೆಳೆದವರಿಗೆ ಇಂತಹ ವಸ್ತುವು ಅಪರಿಚಿತವಾದುದು. ಆದರೂ ದುರ್ಜನರ ಮಾತಿಗೆ ಕಿವಿಗೊಟ್ಟು ಕೆಟ್ಟವನ ಸಂಕಟವು ಎಲ್ಲ ನಾಡಿಗೂ ಒಂದೇ ಎಂಬುದನ್ನು ಆ ಕವಿಹೃದಯವು ಕಂಡುಕೊಂಡಿತು.

ಪರರ ಕಥೆಯನ್ನು ತಂದುದರಿಂದ ಕವಿಯ ಹಿರಿಮೆಗೆ ಕೊರತೆಯಾಯಿತೆಂದು ತಿಳಿಯಬೇಕಾದುದಿಲ್ಲ. ಒಥೆಲೋವಿನ ಕಥೆಯನ್ನು ಷೇಕ್ಸ್‌ಪಿಯರನೇ ಇಟಲಿಯ ಚಿಂತಿಯೋ ಎಂಬ ಕಥೆಗಾರನಿಂದ ಪಡೆದನು. ಶಕುಂತಲೆಯು ಕಾಳಿದಾಸನಿಗೆ ದೊರೆತುದು ಮಹಾಭಾರತದಿಂದ. ವೀರಶೈವರು ಶ್ರಾವಣಮಾಸದಲ್ಲಿ ಭಕ್ತಿಯಿಂದ ಕೇಳುವ ಬಸವಪುರಾಣವನ್ನು ಭೀಮಕವಿಯು ೧೩೬೯ರಲ್ಲಿ ಕನ್ನಡಿಸಿದುದು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಿಂದ. ಬೀಜವು ಯಾವ ಊರಿನದಾದರೇನು, ಬೆಳೆಯಿಸುವ ನೆಲದಲ್ಲಿ ಸತ್ತ್ವವಿರಬೇಕು; ಬೀಜವನ್ನು ಒಳಗೊಳ್ಳುವ ಮೃದುತ್ವವೂ ಇರಬೇಕು. ಬಿರುದಾಂಕಿತರಾದ ಶಾಸ್ತ್ರಿಗಳು ಶಿಷ್ಯನಂತೆ ಮತ್ತೊಬ್ಬರೆದುರು ಕುಳಿತು ಕೇಳಿದರೆಂಬುದೇ ಅವರ ಪಾಂಡಿತ್ಯದ ನಿಜವಾದ ಅಳತೆ.

ನಾಟಕಗಳ ಜೊತೆಗೆ ದಮಯಂತೀ ಸ್ವಯಂವರ, ಸಾವಿತ್ರೀ ಚರಿತ್ರೆ ಎಂಬ ಕಾವ್ಯಗಳನ್ನೂ, ಭರ್ತೃಹರಿಯ ಸುಭಾಷಿತಗಳ ಅನುವಾದವನ್ನೂ, ಸಂಸ್ಕೃತದಲ್ಲಿ ಶಿವಸ್ತುತಿಗಳನ್ನೂ ಇವರು ರಚಿಸಿದರು. ಇವರ ಗೌರೀಸ್ತುತಿಯು ಮೈಸೂರು ಸಂಸ್ಥಾನದ ನಾಡಗೀತೆಯಾಗಿ, ಸಂಸ್ಥಾನವು ೧೯೪೭ರಲ್ಲಿ ಭಾರತದ ಒಕ್ಕೂಟವನ್ನು ಸೇರುವವರೆಗೂ ರಾಜಸಭೆಗಳಲ್ಲಿಯೂ ಶಾಲೆಗಳಲ್ಲಿಯೂ ಮೊಳಗಿತು. ಇಂದಿಗೂ ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಅದು ಕೇಳಿಬರುತ್ತದೆ.

ಇಷ್ಟನ್ನೂ ಸಾಧಿಸಲು ಅವರಿಗೆ ದೊರೆತ ಆಯುಸ್ಸು ಅಲ್ಪ. ೧೮೯೧ರಲ್ಲಿ, ಐವತ್ತು ತುಂಬುವ ಮೊದಲೇ, ಶಾಸ್ತ್ರಿಗಳು ಲಿಂಗೈಕ್ಯರಾದರು. ಅದೇ ವರ್ಷದ ಆರಂಭದಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ವೀರಣ್ಣನವರ ಜನನವಾಯಿತು. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ್ದ ಚನ್ನಬಸವೇಶ್ವರ ನಾಟಕ ಮಂಡಳಿಯನ್ನು ಮುಂದೆ ಇವರೇ ನಾಡಿನ ಮೂಲೆಮೂಲೆಗೂ ಒಯ್ದರು. ಅರಮನೆಯಂಗಳದಲ್ಲಿ ಒಬ್ಬ ಶಿವಭಕ್ತನ ಲೇಖನಿಯು ನಟರ ಬಾಯಿಗೆ ಒದಗಿಸಿದ ಕನ್ನಡವು ಹೀಗೆ ಊರೂರಿನ ಬಯಲಿಗೆ ಹರಿಯಿತು. ಇಂದು ಪಟ್ಟನಾಯಕನಹಳ್ಳಿಯ ಕಡೆಯ ಬೇಸಾಯಗಾರನು ಮೇಷ್ಟರ ಎದುರು ಕುಳಿತು ಮಾತು ಕಲಿಯುವಾಗ, ಅಭಿನವ ಕಾಳಿದಾಸರು ಕುಳಿತಿದ್ದ ರೀತಿಯಲ್ಲಿಯೇ ಅವನೂ ಕುಳಿತಿರುತ್ತಾನೆ.