ಅರುಣಾ ಶಾನಭಾಗ್

ಅರುಣಾ ರಾಮಚಂದ್ರ ಶಾನಭಾಗ್ (1 ಜೂನ್ 1948 – 18 ಮೇ 2015) ಉತ್ತರ ಕನ್ನಡ ಜಿಲ್ಲೆಯ ಹಳದೀಪುರ ಮೂಲದ ದಾದಿ. ಮುಂಬಯಿಯ ಕಿಂಗ್ ಎಡ್ವರ್ಡ್ ಮೆಮೋರಿಯಲ್ (ಕೆಇಎಂ) ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, 1973ರ ನವೆಂಬರ್ 27ರಂದು ನಡೆದ ಹಲ್ಲೆ ಮತ್ತು ಲೈಂಗಿಕ ದೌರ್ಜನ್ಯದಿಂದ ಮಿದುಳಿಗೆ ತೀವ್ರ ಹಾನಿಯಾಗಿ, ಸುಮಾರು 42 ವರ್ಷಗಳ ಕಾಲ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿಯೇ ಉಳಿದರು. ಇವರಿಗೆ ನೀಡುತ್ತಿದ್ದ ಆಹಾರವನ್ನು ನಿಲ್ಲಿಸಬೇಕೆಂದು ಕೋರಿ ಸಲ್ಲಿಸಲಾದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರ ಮಾರ್ಚ್ 7ರಂದು ನೀಡಿದ ತೀರ್ಪು, ನಿರ್ದಿಷ್ಟ ಷರತ್ತುಗಳಿಗೆ ಒಳಪಟ್ಟು ನಿಷ್ಕ್ರಿಯ ದಯಾಮರಣಕ್ಕೆ ಭಾರತದಲ್ಲಿ ಮೊದಲ ಬಾರಿಗೆ ಕಾನೂನಿನ ಮಾನ್ಯತೆಯನ್ನು ನೀಡಿತು. ತನ್ನ ಇಚ್ಛೆಯನ್ನು ಹೇಳಲಾಗದ ರೋಗಿಯ ಪರವಾಗಿ ಮಾತನಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಈ ಪ್ರಕರಣದ ಕೇಂದ್ರವಾಗಿತ್ತು.

ಆರಂಭಿಕ ಜೀವನ

ಅರುಣಾ ಅವರು ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಜನಿಸಿದರು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತ್ಯದ ಭಾಗವಾಗಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತದ ನಂಟು ಕಡಿದ ನಂತರವೂ ಕರಾವಳಿಯ ಯುವಜನರು ವಿದ್ಯಾಭ್ಯಾಸ ಮತ್ತು ಉದ್ಯೋಗಕ್ಕಾಗಿ ಮುಂಬಯಿಗೆ ತೆರಳುವುದು ಮುಂದುವರಿಯಿತು. ಅರುಣಾ ಅವರೂ ಇದೇ ರೀತಿ ಮುಂಬಯಿ ಸೇರಿ, ಪರೇಲ್‌ನಲ್ಲಿರುವ ಕೆಇಎಂ ಆಸ್ಪತ್ರೆಯಲ್ಲಿ ಕಿರಿಯ ದಾದಿಯಾದರು. ಈ ಆಸ್ಪತ್ರೆಯನ್ನು ಮುಂಬಯಿ ಮಹಾನಗರ ಪಾಲಿಕೆ ನಡೆಸುತ್ತದೆ. ಅದೇ ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಇವರ ವಿವಾಹ ನಿಶ್ಚಯವಾಗಿತ್ತು.

ಹಲ್ಲೆ ಮತ್ತು ಮೊಕದ್ದಮೆ

1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಾಯಿಸಲು ಆಸ್ಪತ್ರೆಯ ನೆಲಮಾಳಿಗೆಗೆ ಹೋಗಿದ್ದ ಅರುಣಾ ಅವರ ಮೇಲೆ ಅಲ್ಲಿನ ಸಫಾಯಿ ಕೆಲಸಗಾರನೊಬ್ಬ ಹಲ್ಲೆ ನಡೆಸಿದ. ನಾಯಿಗೆ ಕಟ್ಟುವ ಸರಪಳಿಯಿಂದ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮರುದಿನ ಬೆಳಿಗ್ಗೆ ಸ್ವಚ್ಛತಾ ಸಿಬ್ಬಂದಿಯೊಬ್ಬರು ನೋಡುವವರೆಗೂ ಇವರು ಅಲ್ಲಿಯೇ ಬಿದ್ದಿದ್ದರು. ಮಿದುಳಿಗೆ ಆಮ್ಲಜನಕದ ಪೂರೈಕೆ ಕಡಿತಗೊಂಡ ಕಾರಣ ಮಿದುಳಿನ ಹೊರಪದರಕ್ಕೆ ಸರಿಪಡಿಸಲಾಗದ ಹಾನಿಯಾಯಿತು. ಮಿದುಳುಕಾಂಡಕ್ಕೂ ಕುತ್ತಿಗೆಯ ಭಾಗದ ಬೆನ್ನುಹುರಿಗೂ ಪೆಟ್ಟಾಗಿತ್ತು. ಆಗ ಇವರಿಗೆ 25 ವರ್ಷ.

ಆರೋಪಿಯ ಮೇಲೆ ಹಲ್ಲೆ ಮತ್ತು ದರೋಡೆಯ ಆರೋಪಗಳನ್ನು ಮಾತ್ರ ಹೊರಿಸಲಾಯಿತು. ಲೈಂಗಿಕ ದೌರ್ಜನ್ಯವು ಮೊಕದ್ದಮೆಯ ಭಾಗವಾಗಲೇ ಇಲ್ಲ. ಮದುವೆ ನಿಶ್ಚಯವಾಗಿದ್ದ ಯುವತಿಗೆ ಸಮಾಜದಲ್ಲಿ ಕಳಂಕ ತಟ್ಟಬಾರದೆಂಬ ಕಾರಣದಿಂದ ಆ ವಿಷಯವನ್ನು ಮುಚ್ಚಿಡಲಾಯಿತೆಂದು ನಂತರದ ಬರಹಗಳು ದಾಖಲಿಸಿವೆ. ಅಪರಾಧಿಗೆ ತಲಾ ಏಳು ವರ್ಷಗಳ ಎರಡು ಶಿಕ್ಷೆಗಳನ್ನು ಏಕಕಾಲದಲ್ಲಿ ಅನುಭವಿಸುವಂತೆ ವಿಧಿಸಲಾಯಿತು. 1980ರಲ್ಲಿ ಆತನ ಬಿಡುಗಡೆಯಾಯಿತು. ಅರುಣಾ ಅವರಿಗೆ ಸಂಬಂಧಿಸಿದ ನಿರ್ಧಾರವೊಂದನ್ನು ಇವರ ಹಿತದ ಹೆಸರಿನಲ್ಲಿ ಇತರರು ಕೈಗೊಂಡ ಮೊದಲ ಸಂದರ್ಭ ಇದು.

ಈ ಘಟನೆಯ ನಂತರ ಮುಂಬಯಿಯ ದಾದಿಯರು ಅರುಣಾ ಅವರ ಆರೈಕೆ ಹಾಗೂ ತಮ್ಮ ಕೆಲಸದ ಸ್ಥಳದ ಸುರಕ್ಷತೆಗಾಗಿ ಮುಷ್ಕರ ನಡೆಸಿದರು.

ಆಸ್ಪತ್ರೆಯಲ್ಲಿ ಆರೈಕೆ

ಪತ್ರಿಕೆಗಳು ಅರುಣಾ ಅವರ ಸ್ಥಿತಿಯನ್ನು ಸಾಮಾನ್ಯವಾಗಿ ಕೋಮಾ ಎಂದು ವರ್ಣಿಸಿದರೂ ವೈದ್ಯಕೀಯವಾಗಿ ಅದು ಸರಿಯಲ್ಲ. ಕೋಮಾದಲ್ಲಿರುವ ವ್ಯಕ್ತಿ ಕಣ್ಣು ತೆರೆಯುವುದಿಲ್ಲ. ಅರುಣಾ ಅವರು ಕಣ್ಣು ತೆರೆಯುತ್ತಿದ್ದರು. ನಿದ್ರೆ ಮತ್ತು ಎಚ್ಚರದ ಆವರ್ತನವಿತ್ತು. ಯಂತ್ರದ ನೆರವಿಲ್ಲದೆ ಉಸಿರಾಡುತ್ತಿದ್ದರು. ಅರೆದು ಮೆದುಗೊಳಿಸಿದ ಆಹಾರವನ್ನು ಬಾಯಿಯ ಮೂಲಕವೇ ಸೇವಿಸುತ್ತಿದ್ದರು. 2010ರಲ್ಲಿ ಮಲೇರಿಯಾ ಬಂದ ನಂತರವಷ್ಟೇ ಮೂಗಿನ ಮೂಲಕ ಹಾಕಿದ ನಳಿಕೆಯಿಂದ ಆಹಾರ ನೀಡಬೇಕಾಯಿತು.

ಆಸ್ಪತ್ರೆಯ 4ನೇ ವಾರ್ಡಿಗೆ ಹೊಂದಿಕೊಂಡ ಕೋಣೆಯೇ ಇವರ ನೆಲೆಯಾಯಿತು. 1980ರ ದಶಕದಲ್ಲಿ ಹಾಸಿಗೆಯನ್ನು ತೆರವುಗೊಳಿಸುವ ಸಲುವಾಗಿ ಇವರನ್ನು ಬೇರೆಡೆಗೆ ಸಾಗಿಸಲು ಮಹಾನಗರ ಪಾಲಿಕೆ ಎರಡು ಬಾರಿ ಪ್ರಯತ್ನಿಸಿತು. ದಾದಿಯರ ಪ್ರತಿಭಟನೆಯಿಂದ ಆ ಪ್ರಯತ್ನವನ್ನು ಕೈಬಿಡಬೇಕಾಯಿತು. ನಿವೃತ್ತರಾದವರ ಸ್ಥಾನಕ್ಕೆ ಬಂದ ಹೊಸ ದಾದಿಯರು ಆರೈಕೆಯನ್ನು ಮುಂದುವರಿಸಿದರು. ದಶಕಗಳ ಕಾಲ ಹಾಸಿಗೆಯಲ್ಲಿದ್ದರೂ ಇವರಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಿಲ್ಲವೆಂದು ಆಸ್ಪತ್ರೆಯು ನ್ಯಾಯಾಲಯಕ್ಕೆ ತಿಳಿಸಿತು. ತಂದೆತಾಯಿ ತೀರಿಕೊಂಡಿದ್ದರು. ಇತರ ಬಂಧುಗಳು ಸಂಪರ್ಕದಲ್ಲಿರಲಿಲ್ಲವೆಂದು ನ್ಯಾಯಾಲಯದ ದಾಖಲೆ ಹೇಳುತ್ತದೆ.

ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ

ಪತ್ರಕರ್ತೆ ಪಿಂಕಿ ವಿರಾನಿ ಅವರು ಅರುಣಾ ಅವರ ಜೀವನವನ್ನು ಕುರಿತು 1998ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದ್ದರು. 2009ರಲ್ಲಿ ಅವರು ಅರುಣಾ ಅವರ ಹಿತೈಷಿ ಪ್ರತಿನಿಧಿಯಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಆಹಾರ ನೀಡುವುದನ್ನು ನಿಲ್ಲಿಸಿ ಶಾಂತಿಯುತವಾಗಿ ಸಾಯಲು ಬಿಡಬೇಕೆಂದು ಕೋರಿದರು. ಆಸ್ಪತ್ರೆ ಮತ್ತು ಮಹಾನಗರ ಪಾಲಿಕೆ ಇದನ್ನು ವಿರೋಧಿಸಿದವು.

ಒಂದೇ ದೇಹವನ್ನು ಕುರಿತು ಎರಡು ವಿರುದ್ಧ ವರ್ಣನೆಗಳು ನ್ಯಾಯಾಲಯದ ಮುಂದೆ ಬಂದವು. ಅರ್ಜಿಯ ಪ್ರಕಾರ, ಅರುಣಾ ಅವರ ಮೂಳೆಗಳು ಶಿಥಿಲವಾಗಿದ್ದವು, ದೇಹ ಕೃಶವಾಗಿತ್ತು, ಅರಿವಿನ ಲಕ್ಷಣವೇ ಇರಲಿಲ್ಲ, ಮತ್ತು ಅವರು ಮೃತರಿಗೆ ಸಮಾನರಾಗಿದ್ದರು. ಆಸ್ಪತ್ರೆಯ ಪ್ರಕಾರ, ಅವರು ಆಹಾರವನ್ನು ಸ್ವೀಕರಿಸುತ್ತಿದ್ದರು, ಮುಖಭಾವದಿಂದ ಸ್ಪಂದಿಸುತ್ತಿದ್ದರು ಮತ್ತು ಕೆಲವೊಮ್ಮೆ ಧ್ವನಿ ಹೊರಡಿಸುತ್ತಿದ್ದರು. ಈ ಭಿನ್ನತೆಯನ್ನು ಗಮನಿಸಿದ ನ್ಯಾಯಾಲಯವು 2011ರ ಜನವರಿ 24ರಂದು ಜೆ. ವಿ. ದಿವಾಟಿಯಾ, ರೂಪ್ ಗುರ್‌ಸಹಾನಿ ಮತ್ತು ನಿಲೇಶ್ ಶಾ ಅವರನ್ನೊಳಗೊಂಡ ಮೂವರು ವೈದ್ಯರ ಸಮಿತಿಯನ್ನು ನೇಮಿಸಿತು.

ಸಮಿತಿಯ ವರದಿಯು ಎರಡೂ ಕಡೆಯ ವರ್ಣನೆಗಳನ್ನು ಪೂರ್ಣವಾಗಿ ಒಪ್ಪಲಿಲ್ಲ. ಅರುಣಾ ಅವರ ಮಿದುಳು ಸತ್ತಿರಲಿಲ್ಲ, ಅವರು ಕೋಮಾದಲ್ಲೂ ಇರಲಿಲ್ಲ. ಶಾಶ್ವತ ಜಡಾವಸ್ಥೆಯ ಬಹುತೇಕ ಮಾನದಂಡಗಳು ಅವರಿಗೆ ಅನ್ವಯಿಸುತ್ತಿದ್ದವು. ಎಚ್ಚರವಿದ್ದರೂ ತನ್ನ ಮತ್ತು ಸುತ್ತಲಿನ ಅರಿವು ಇಲ್ಲದ ಸ್ಥಿತಿಯೇ ಶಾಶ್ವತ ಜಡಾವಸ್ಥೆ. ದಾದಿಯರು ಸ್ಪಂದನೆಯೆಂದು ಕಂಡದ್ದು ವೈದ್ಯಕೀಯ ದೃಷ್ಟಿಯಲ್ಲಿ ಪ್ರಾಥಮಿಕ ಪ್ರತಿವರ್ತನೆಗಳಾಗಿರಬಹುದಿತ್ತು. ಅದೇ ವೇಳೆ, ಸಿಬ್ಬಂದಿಗೆ ಅವರೊಂದಿಗಿದ್ದ ಆತ್ಮೀಯ ಬಾಂಧವ್ಯವನ್ನೂ ಸಮಿತಿ ದಾಖಲಿಸಿತು.

ವಾದಗಳು ಮತ್ತು ಪಕ್ಷಪಾತದ ಪ್ರಶ್ನೆ

ಈ ಪ್ರಕರಣದಲ್ಲಿ ಭಾಗವಹಿಸಿದ ಪ್ರತಿಯೊಬ್ಬರೂ ಅರುಣಾ ಅವರ ಹಿತವನ್ನೇ ಮುಂದಿಟ್ಟರು. ಆದರೆ ಆ ಹಿತವನ್ನು ಅವರು ಕಂಡದ್ದು ತಾವು ನಿಂತ ಸ್ಥಾನದಿಂದ. ವಿರಾನಿ ಅವರಿಗೆ ಇದು ಘನತೆಯ ಪ್ರಶ್ನೆಯಾಗಿತ್ತು. ದಾದಿಯರಿಗೆ ಅರುಣಾ ಅವರು ಆಸ್ಪತ್ರೆಯಲ್ಲಿಯೇ ದಾಳಿಗೆ ಒಳಗಾದ ಸಹೋದ್ಯೋಗಿ. ಅವರ ಆರೈಕೆಯು ವೃತ್ತಿಯ ಗೌರವಕ್ಕೂ ಸಂಬಂಧಿಸಿತ್ತು. ಮಹಾನಗರ ಪಾಲಿಕೆಯು ತನ್ನ ಆಸ್ಪತ್ರೆಯ ಆವರಣದಲ್ಲೇ ನಡೆದ ಅಪರಾಧದ ಬಲಿಪಶುವಿನ ಪೋಷಕನ ಸ್ಥಾನದಲ್ಲಿತ್ತು. ಆದರೆ ಹಿಂದೆ ಹಾಸಿಗೆ ತೆರವಿಗೆ ಪ್ರಯತ್ನಿಸಿದ್ದೂ ಅದೇ ಪಾಲಿಕೆ. ಕೇಂದ್ರ ಸರ್ಕಾರದ ಪರವಾಗಿ ಅಟಾರ್ನಿ ಜನರಲ್ ಅವರು ದಯಾಮರಣವನ್ನು ವಿರೋಧಿಸುತ್ತಾ, ಭಾರತೀಯ ಸಮಾಜವು ಭಾವನಾತ್ಮಕವೂ ಆರೈಕೆಯನ್ನು ಗೌರವಿಸುವಂಥದ್ದೂ ಆಗಿದೆಯೆಂದು ವಾದಿಸಿದರು. ಸ್ವಂತ ಕುಟುಂಬದ ಆಸರೆಯಿಲ್ಲದೆ ಸಾರ್ವಜನಿಕ ಆಸ್ಪತ್ರೆಯಲ್ಲಿ ಉಳಿದಿದ್ದ ಮಹಿಳೆಯ ಪ್ರಕರಣದಲ್ಲಿಯೇ ಈ ವಾದವನ್ನು ಮಂಡಿಸಲಾಯಿತು.

ಇಂತಹ ವಿವಾದಗಳು ಇತರ ದೇಶಗಳಲ್ಲೂ ನಡೆದಿವೆ. ಅಮೆರಿಕದ ಫ್ಲೋರಿಡಾದಲ್ಲಿ ಟೆರಿ ಶಿಯಾವೊ ಅವರ ಆಹಾರ ನಳಿಕೆಯ ವಿಷಯದಲ್ಲಿ ಪತಿ ಒಂದು ಕಡೆಗೂ ತಂದೆತಾಯಿ ಇನ್ನೊಂದು ಕಡೆಗೂ ನಿಂತರು. ರಾಜ್ಯದ ಶಾಸಕಾಂಗ, ಅಮೆರಿಕದ ಸಂಸತ್ತು ಮತ್ತು ಅಧ್ಯಕ್ಷರವರೆಗೆ ರಾಜಕೀಯ ಹಸ್ತಕ್ಷೇಪ ನಡೆಯಿತು. ಅಂಗವಿಕಲರ ಹಕ್ಕುಗಳ ಸಂಘಟನೆಗಳು ನಳಿಕೆ ತೆಗೆಯುವುದನ್ನು ವಿರೋಧಿಸಿದವು. ನ್ಯಾಯಾಲಯದ ಆದೇಶದಂತೆ ನಳಿಕೆಯನ್ನು ತೆಗೆದ ನಂತರ ಅವರು 2005ರ ಮಾರ್ಚ್ 31ರಂದು ನಿಧನರಾದರು. ಅಲ್ಲಿ ಕುಟುಂಬವು ಇಬ್ಭಾಗವಾಗಿತ್ತು. ಅರುಣಾ ಅವರ ಪ್ರಕರಣದಲ್ಲಿ ಕುಟುಂಬದ ಸ್ಥಾನವೇ ತೆರವಾಗಿದ್ದು, ಆ ಸ್ಥಾನಕ್ಕೆ ಲೇಖಕಿಯೊಬ್ಬರು ಮತ್ತು ಸಂಸ್ಥೆಯೊಂದು ಹಕ್ಕು ಮಂಡಿಸಿದವು.

2011ರ ತೀರ್ಪು

ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠವು ಅರ್ಜಿಯನ್ನು ತಳ್ಳಿಹಾಕಿತು. ವಿರಾನಿ ಅವರ ಸಾಮಾಜಿಕ ಕಾಳಜಿಯನ್ನು ಪ್ರಶಂಸಿಸಿದ ಪೀಠವು, ಹಗಲಿರುಳು ಆರೈಕೆ ಮಾಡಿದ ಕೆಇಎಂ ಸಿಬ್ಬಂದಿಯೇ ಅರುಣಾ ಅವರ ನಿಜವಾದ ಹಿತೈಷಿ ಪ್ರತಿನಿಧಿಯೆಂದು ನಿರ್ಣಯಿಸಿತು. ಸಿಬ್ಬಂದಿ ಮುಂದೆ ಮನಸ್ಸು ಬದಲಾಯಿಸಿದರೆ ಬಾಂಬೆ ಹೈಕೋರ್ಟಿಗೆ ಅರ್ಜಿ ಸಲ್ಲಿಸಬಹುದೆಂದೂ ತಿಳಿಸಿತು. ತೀರ್ಪಿನ ಸುದ್ದಿ ತಿಳಿದಾಗ ದಾದಿಯರು ಆಸ್ಪತ್ರೆಯಲ್ಲಿ ಸಿಹಿ ಹಂಚಿದರು.

ಅದೇ ತೀರ್ಪಿನಲ್ಲಿ ನ್ಯಾಯಾಲಯವು ಸಾಮಾನ್ಯ ನಿಯಮವೊಂದನ್ನು ರೂಪಿಸಿತು. ಮಾರಕ ಔಷಧಿಯನ್ನು ನೀಡಿ ಸಾವು ತರುವ ಸಕ್ರಿಯ ದಯಾಮರಣವು ಅಪರಾಧವಾಗಿಯೇ ಉಳಿಯಿತು. ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳುವ ನಿಷ್ಕ್ರಿಯ ದಯಾಮರಣಕ್ಕೆ, ಸಂಸತ್ತು ಕಾನೂನು ರಚಿಸುವವರೆಗೆ, ಹೈಕೋರ್ಟಿನ ಅನುಮತಿಯೊಂದಿಗೆ ಅವಕಾಶ ದೊರೆಯಿತು. ತಂದೆತಾಯಿ, ಪತಿ ಅಥವಾ ಪತ್ನಿ, ಹತ್ತಿರದ ಬಂಧುಗಳು, ಅವರಿಲ್ಲದಿದ್ದರೆ ಹಿತೈಷಿ ಪ್ರತಿನಿಧಿ ಅಥವಾ ವೈದ್ಯರು ನಿರ್ಧಾರ ಕೈಗೊಳ್ಳಬಹುದಿತ್ತು. ಮೂವರು ವೈದ್ಯರ ವರದಿ ಪಡೆದು ಹೈಕೋರ್ಟಿನ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳ ಪೀಠವು ಅದನ್ನು ಪರಿಶೀಲಿಸಬೇಕಿತ್ತು. ಆಸ್ತಿಯ ಆಸೆಯಿಂದ ಬಂಧುಗಳು ವೈದ್ಯರೊಂದಿಗೆ ಕೈಜೋಡಿಸುವ ಅಪಾಯವನ್ನು ಈ ಕಟ್ಟುಪಾಡಿಗೆ ಕಾರಣವಾಗಿ ನೀಡಲಾಯಿತು. ಆತ್ಮಹತ್ಯೆಯ ಪ್ರಯತ್ನವನ್ನು ಆಗ ಶಿಕ್ಷಾರ್ಹಗೊಳಿಸುತ್ತಿದ್ದ ಭಾರತೀಯ ದಂಡ ಸಂಹಿತೆಯ 309ನೇ ಕಲಮನ್ನು ಕೈಬಿಡುವ ಬಗ್ಗೆ ಸಂಸತ್ತು ಪರಿಶೀಲಿಸಬೇಕೆಂದೂ ಪೀಠವು ಶಿಫಾರಸು ಮಾಡಿತು.

ಈ ವಿಧಾನವು ದುಬಾರಿ ಮತ್ತು ನಿಧಾನ ಎಂಬ ಟೀಕೆಗೆ ಒಳಗಾಯಿತು. ತೀವ್ರ ನಿಗಾ ಘಟಕದಲ್ಲಿ ನಿರ್ಧಾರಗಳನ್ನು ಗಂಟೆಗಳ ಅಥವಾ ದಿನಗಳ ಒಳಗೆ ಕೈಗೊಳ್ಳಬೇಕಾಗುತ್ತದೆ. ಹೈಕೋರ್ಟಿನ ಬಾಗಿಲು ತಟ್ಟಲಾಗದ ಅನೇಕ ಕುಟುಂಬಗಳು, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆಂದು ಸಹಿ ಹಾಕಿ ರೋಗಿಯನ್ನು ಮನೆಗೆ ಒಯ್ಯುವ ಪದ್ಧತಿ ಹಾಗೆಯೇ ಉಳಿಯಿತು.

ನಿಧನ

2015ರ ಮೇ ತಿಂಗಳಲ್ಲಿ ನ್ಯುಮೋನಿಯಾಕ್ಕೆ ತುತ್ತಾದ ಅರುಣಾ ಅವರನ್ನು ತೀವ್ರ ನಿಗಾ ಘಟಕಕ್ಕೆ ಸ್ಥಳಾಂತರಿಸಲಾಯಿತು. ಮೇ 18ರಂದು ಕೆಇಎಂ ಆಸ್ಪತ್ರೆಯಲ್ಲಿಯೇ ಅವರು ನಿಧನರಾದರು. ಆಸ್ಪತ್ರೆಯ ದಾದಿಯರು ಮತ್ತು ಇತರ ಸಿಬ್ಬಂದಿ ಅಂತ್ಯಕ್ರಿಯೆಯಲ್ಲಿ ಪಾಲ್ಗೊಂಡರು. ಆಗ ಅವರಿಗೆ 66 ವರ್ಷ.

ನಂತರದ ಬೆಳವಣಿಗೆಗಳು

2011ರ ತೀರ್ಪು ಆಧರಿಸಿದ್ದ ಜ್ಞಾನ್ ಕೌರ್ ಪ್ರಕರಣದ (1996) ವ್ಯಾಖ್ಯಾನದಲ್ಲಿ ಅಸಂಗತತೆಯಿದೆಯೆಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2014ರಲ್ಲಿ ಅಭಿಪ್ರಾಯಪಟ್ಟು, ವಿಷಯವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಕಾಮನ್ ಕಾಸ್ ಸಂಸ್ಥೆಯ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠವು, ಘನತೆಯಿಂದ ಸಾಯುವ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗವೆಂದು ಘೋಷಿಸಿತು. ವ್ಯಕ್ತಿಯು ಪ್ರಜ್ಞೆ ಇರುವಾಗಲೇ ತನ್ನ ಅಂತಿಮ ಚಿಕಿತ್ಸೆಯ ಬಗ್ಗೆ ಬರೆದಿಡುವ ಮುಂಗಡ ನಿರ್ದೇಶನಕ್ಕೂ ಮಾನ್ಯತೆ ದೊರೆಯಿತು. 2023ರ ಜನವರಿ 24ರಂದು ಈ ವಿಧಾನವನ್ನು ಸರಳಗೊಳಿಸಲಾಯಿತು. ಮುಂಗಡ ನಿರ್ದೇಶನಕ್ಕೆ ಮ್ಯಾಜಿಸ್ಟ್ರೇಟರ ಸಹಿಯ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕಾಯಿತು. ಆಸ್ಪತ್ರೆಯ ಮಟ್ಟದಲ್ಲಿ ಪ್ರಾಥಮಿಕ ಮತ್ತು ದ್ವಿತೀಯ ವೈದ್ಯಕೀಯ ಮಂಡಳಿಗಳು ನಿರ್ಧರಿಸಿ ಮ್ಯಾಜಿಸ್ಟ್ರೇಟರಿಗೆ ತಿಳಿಸುವ ವ್ಯವಸ್ಥೆ ಜಾರಿಗೆ ಬಂದಿತು.

ಅರುಣಾ ಅವರ ತವರು ರಾಜ್ಯವಾದ ಕರ್ನಾಟಕದಲ್ಲಿ ಆರೋಗ್ಯ ಇಲಾಖೆಯು 2025ರ ಜನವರಿಯಲ್ಲಿ ಈ ನಿರ್ದೇಶನಗಳ ಅನುಷ್ಠಾನಕ್ಕಾಗಿ ಸುತ್ತೋಲೆ ಹೊರಡಿಸಿತು. ಇದು ದಯಾಮರಣಕ್ಕೆ ಸಮಾನವಲ್ಲ, ಜೀವರಕ್ಷಕ ಚಿಕಿತ್ಸೆಯ ನೆರವಿನಲ್ಲಿದ್ದು ಚೇತರಿಕೆಯ ಭರವಸೆಯಿಲ್ಲದ ರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಸ್ಪಷ್ಟಪಡಿಸಿದರು.

ಮಹತ್ವ

ಅರುಣಾ ಶಾನಭಾಗ್ ಅವರ ಹೆಸರಿನಲ್ಲಿ ರೂಪುಗೊಂಡ ನಿಯಮವು ಅವರಿಗೇ ಅನ್ವಯವಾಗಲಿಲ್ಲ. 25ನೇ ವಯಸ್ಸಿನಲ್ಲಿ ಮಾತು ಕಳೆದುಕೊಂಡ ಅವರು ಯಾವುದೇ ನಿರ್ದೇಶನವನ್ನು ಬರೆದಿಟ್ಟಿರಲಿಲ್ಲ. ಮುಂಗಡ ನಿರ್ದೇಶನದ ವ್ಯವಸ್ಥೆಯು ಇತರರ ಊಹೆ, ಮಮತೆ ಮತ್ತು ಹಿತಾಸಕ್ತಿಗಳ ಜಾಗದಲ್ಲಿ ರೋಗಿಯ ಸ್ವಂತ ಮಾತನ್ನು ಇರಿಸುವ ಪ್ರಯತ್ನವಾಗಿದೆ. ಅಂತಹ ಮಾತನ್ನು ಬಿಟ್ಟುಹೋಗದವರ ವಿಷಯದಲ್ಲಿ, ಅವರ ಪರವಾಗಿ ಯಾರು ನಿರ್ಧರಿಸಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ವೈದ್ಯಕೀಯ ನೀತಿ ಮತ್ತು ಕಾನೂನಿನ ಅಧ್ಯಯನಗಳಲ್ಲಿ ಈ ಪ್ರಕರಣವನ್ನು ಚರ್ಚಿಸಲಾಗುತ್ತದೆ.