ಹಾಲ್ ಫಿನ್ನಿ: ಕೀಲಿ ಭದ್ರವಾಗಿತ್ತು, ಮನೆ ಬಾಗಿಲು ಮಾತ್ರ ತೆರೆದೇ ಇತ್ತು

2014ರಲ್ಲಿ ಒಂದು ದಿನ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಪ್ರದೇಶದ ಪೊಲೀಸರಿಗೆ ಫೋನ್ ಬಂತು. ಇಂಥ ವಿಳಾಸದ ಮನೆಯಲ್ಲಿ ಕೊಲೆಯಾಗಿದೆ ಅಂತ ಆ ಕಡೆಯವನು ಹೇಳಿದ. ಶಸ್ತ್ರಸಜ್ಜಿತ ಪೊಲೀಸರು ಮನೆ ಸುತ್ತುವರಿದು, ಒಳಗಿದ್ದವರೆಲ್ಲ ಹೊರಗೆ ಬರಬೇಕು ಅಂದರು. ಅವರಲ್ಲಿ ಒಬ್ಬ ತಾನಾಗಿ ಎದ್ದು ಬರುವ ಸ್ಥಿತಿಯಲ್ಲೇ ಇರಲಿಲ್ಲ. ಕೈಕಾಲು ಆಡುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ, ಉಸಿರಾಡೋಕೂ ಯಂತ್ರ ಬೇಕಿತ್ತು. ಅಂಥವನನ್ನೂ ಹೊರಗೆ ತಂದರು. ಮನೆ ಮುಂದಿನ ಹುಲ್ಲುಹಾಸಿನ ಮೇಲೆ ಅರ್ಧ ಗಂಟೆ ಚಳಿಯಲ್ಲಿ ಕಳೆದ. ಕೊಲೆಯೂ ಆಗಿರಲಿಲ್ಲ, ಏನೂ ಆಗಿರಲಿಲ್ಲ. ಕರೆ ಮಾಡಿದವನಿಗೆ ಬೇಕಾಗಿದ್ದದ್ದು 1,000 ಬಿಟ್‌ಕಾಯಿನ್.

ಆ ಕಾಯಿಲೆಯ ಮನುಷ್ಯ ಹಾಲ್ ಫಿನ್ನಿ. ಜಗತ್ತಿನಲ್ಲಿ ಮೊದಲ ಬಾರಿಗೆ ಇನ್ನೊಬ್ಬರಿಂದ ಬಿಟ್‌ಕಾಯಿನ್ ಪಡೆದವನು. ಬದುಕಿನ ಬಹುಪಾಲನ್ನು ಸಾಮಾನ್ಯ ಜನರ ಕೈಗೆ ಗಟ್ಟಿ ಬೀಗ ಕೊಡುವುದಕ್ಕೇ ಸವೆಸಿದವನು. ಆತನ ಬೀಗವನ್ನು ಯಾರೂ ಒಡೆಯಲಿಲ್ಲ. ಆದರೂ ಆತ ಹುಲ್ಲಿನ ಮೇಲೆ ಚಳಿಯಲ್ಲಿ ನಡುಗಬೇಕಾಯ್ತು. ಯಾಕೆ ಅನ್ನೋದನ್ನ ಅರ್ಥ ಮಾಡಿಕೊಳ್ಳದೆ ಯಾವ ವ್ಯಾಲೆಟ್ ಒಳ್ಳೇದು ಅಂತ ಕೇಳುವುದರಲ್ಲಿ ಅರ್ಥವಿಲ್ಲ.

ಆಟದಿಂದ ಬೀಗದ ಕಡೆಗೆ

ಫಿನ್ನಿ ಹುಟ್ಟಿದ್ದು 1956ರ ಮೇ 4ರಂದು, ಕ್ಯಾಲಿಫೋರ್ನಿಯಾದ ಕೊಲಿಂಗಾದಲ್ಲಿ. 1979ರಲ್ಲಿ ಕ್ಯಾಲ್ಟೆಕ್‌ನಿಂದ ಇಂಜಿನಿಯರಿಂಗ್ ಪದವಿ. ಹೆಂಡತಿಯಾದ ಫ್ರ್ಯಾನ್ ಪರಿಚಯವಾಗಿದ್ದೂ ಅಲ್ಲೇ. ಶುರುವಿನಲ್ಲಿ ಮಾಡಿದ ಕೆಲಸ ವಿಡಿಯೊ ಗೇಮ್ ಬರೆಯುವುದು. ಆಸ್ಟ್ರೋಬ್ಲಾಸ್ಟ್, ಸ್ಪೇಸ್ ಅಟ್ಯಾಕ್, ಆರ್ಮರ್ ಆ್ಯಂಬುಶ್ ಎಂಬ ಆಟಗಳ ಹಿಂದೆ ಇದ್ದದ್ದು ಈತನೇ.

1991ರಲ್ಲಿ ಫಿಲ್ ಜಿಮ್ಮರ್‌ಮನ್ ಎಂಬಾತ ಪಿಜಿಪಿ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ. ಅದನ್ನು ಬಳಸಿದರೆ ನೀವು ಕಳಿಸಿದ ಇಮೇಲನ್ನು ಪಡೆದವರು ಬಿಟ್ಟು ಇನ್ಯಾರೂ ಓದಲಾಗದು, ಸರ್ಕಾರಕ್ಕೂ ಆಗದು. ಮರುವರ್ಷ ಬಂದ ಎರಡನೇ ಆವೃತ್ತಿಯ ಕೋಡ್‌ನಲ್ಲಿ ಫಿನ್ನಿಯ ಪಾಲು ದೊಡ್ಡದು. ಆಗ ಅಮೆರಿಕದ ಕಾನೂನು ಗಟ್ಟಿ ಗೂಢಲಿಪಿಯನ್ನು ಮದ್ದುಗುಂಡಿನ ಪಟ್ಟಿಯಲ್ಲಿಟ್ಟಿತ್ತು. ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸಿದರೆ ಆಯುಧ ಸಾಗಿಸಿದ ಹಾಗೆ. ಜಿಮ್ಮರ್‌ಮನ್ ಮೇಲೆ 1993ರಿಂದ 1996ರವರೆಗೆ ಕ್ರಿಮಿನಲ್ ತನಿಖೆ ನಡೀತು. ಫಿನ್ನಿಯ ಹೆಸರು ಆ ವರ್ಷಗಳಲ್ಲಿ ಹೆಚ್ಚು ಹೊರಬರಲಿಲ್ಲ. ಮುಂದೆ ಪಿಜಿಪಿ ಕಂಪನಿಯಾದಾಗ ಮೊದಲ ಉದ್ಯೋಗಿಗಳ ಸಾಲಿನಲ್ಲಿ ಸೇರಿಕೊಂಡ, ನಿವೃತ್ತಿಯವರೆಗೂ ಪಿಜಿಪಿಯ ಕೆಲಸವನ್ನೇ ಮಾಡಿದ.

ನಾನು ಇಂಜಿನಿಯರಿಂಗ್ ಓದುವಾಗ ಕ್ರಿಪ್ಟೋಗ್ರಫಿ ಅಂದ್ರೆ ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡೋ ಸೂತ್ರ. ಅದರ ಹಿಂದೆ ಇಷ್ಟು ರಾಜಕೀಯ ಇದೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. 1995ರ ಒಂದು ಪ್ರಸಂಗ ನೋಡಿ. ನೆಟ್‌ಸ್ಕೇಪ್ ಬ್ರೌಸರ್‌ನ ಹೊರದೇಶದ ಆವೃತ್ತಿಗೆ 40 ಬಿಟ್‌ನ ಕೀಲಿ ಸಾಕು ಅಂತ ಅಮೆರಿಕ ಸರ್ಕಾರ ಮಿತಿ ಹಾಕಿತ್ತು. 40 ಬಿಟ್ ಅಂದ್ರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದು, ಕಂಪ್ಯೂಟರ್‌ಗೆ ಅಲ್ಲ. ಫಿನ್ನಿ ಅಂಥ ಬೀಗ ಹಾಕಿದ ಒಂದು ಸಂದೇಶವನ್ನು ಅಂತರ್ಜಾಲದಲ್ಲಿ ಹಾಕಿ, ಒಡೆಯಿರಿ ನೋಡೋಣ ಅಂತ ಸವಾಲೆಸೆದ. ಫ್ರಾನ್ಸ್‌ನ ಸಂಶೋಧಕನೊಬ್ಬ ತನ್ನ ಸಂಸ್ಥೆಯ ಕಂಪ್ಯೂಟರ್‌ಗಳನ್ನು ಬಳಸಿ ಎಂಟೇ ದಿನದಲ್ಲಿ ಒಡೆದ. ಸರ್ಕಾರ ನಿಮಗೆ ಕೊಡಲು ಒಪ್ಪಿದ ಬೀಗ ಯಾವ ಮಟ್ಟದ್ದು ಅಂತ ಎಲ್ಲರಿಗೂ ಗೊತ್ತಾಯ್ತು. ಆ ನಿರ್ಬಂಧಗಳು ಬಹುಮಟ್ಟಿಗೆ ಸಡಿಲವಾದದ್ದು 2000ನೇ ಇಸವಿಯಲ್ಲಿ.

ಇವತ್ತು ನೀವು ಯುಪಿಐನಲ್ಲಿ ಕಾಫಿಗೆ ಹಣ ಕೊಡುವಾಗ ಅದನ್ನು ಕಾಯುವ ಗೂಢಲಿಪಿ ಈ ಜಗಳ ಗೆದ್ದದ್ದರ ಫಲ. ಗೆದ್ದವರಲ್ಲಿ ಫಿನ್ನಿಯೂ ಒಬ್ಬ.

ಹತ್ತು ನಾಣ್ಯ

ಬ್ಯಾಂಕ್ ಇಲ್ಲದೆ ಹಣ ಕಳಿಸೋದು ಹೇಗೆ ಅನ್ನೋದು ಆತನ ಹಳೆಯ ಕನಸು. 2004ರಲ್ಲಿ ಆರ್‌ಪಿಒಡಬ್ಲ್ಯು ಎಂಬ ವ್ಯವಸ್ಥೆಯನ್ನೇ ಕಟ್ಟಿದ್ದ. ಅದು ಓಡುತ್ತಿದ್ದದ್ದು ಐಬಿಎಂನ ಒಂದು ಭದ್ರತಾ ಸಾಧನದ ಮೇಲೆ. ಯಾರಾದರೂ ಬಿಚ್ಚಲು ಹೋದರೆ ಒಳಗಿನ ಕೀಲಿಯನ್ನು ಅದೇ ಅಳಿಸಿಹಾಕುತ್ತಿತ್ತು. ಇವತ್ತಿನ ಹಾರ್ಡ್‌ವೇರ್ ವ್ಯಾಲೆಟ್‌ಗಳ ಹಿಂದಿರುವ ಯೋಚನೆ ಇದಕ್ಕೆ ದೂರದ್ದೇನಲ್ಲ.

ಹಾಗಾಗಿ 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಿಟ್‌ಕಾಯಿನ್ ಪ್ರಬಂಧ ಬಂದಾಗ, ಅದನ್ನು ಗಂಭೀರವಾಗಿ ಓದಿದ ಮೊದಲಿಗರಲ್ಲಿ ಫಿನ್ನಿ ಇದ್ದ. 2009ರ ಜನವರಿಯಲ್ಲಿ ತಂತ್ರಾಂಶ ಬಂದ ತಕ್ಷಣ ಇಳಿಸಿಕೊಂಡ, ದೋಷಗಳನ್ನು ಪತ್ತೆಹಚ್ಚಿ ಸತೋಶಿಗೆ ಬರೆದ. ಜನವರಿ 12ರಂದು ಸತೋಶಿ ಪರೀಕ್ಷೆಗೆಂದು 10 ಬಿಟ್‌ಕಾಯಿನ್ ಕಳಿಸಿದ. ಇಬ್ಬರ ನಡುವೆ ನಡೆದ ಮೊದಲ ವರ್ಗಾವಣೆ ಅದು, 170ನೇ ಬ್ಲಾಕ್‌ನಲ್ಲಿ ದಾಖಲಾಗಿದೆ. ಫಿನ್ನಿ ಕೆಲವು ದಿನ ತನ್ನ ಕಂಪ್ಯೂಟರ್‌ನಲ್ಲೇ ಮೈನಿಂಗ್ ಮಾಡಿದ. ಆಮೇಲೆ ಯಂತ್ರ ಬಿಸಿಯಾಗುತ್ತೆ, ಫ್ಯಾನ್ ಸದ್ದು ಕಿರಿಕಿರಿ ಅಂತ ನಿಲ್ಲಿಸಿಬಿಟ್ಟ! ಆಗ ಆ ನಾಣ್ಯಕ್ಕೆ ಬೆಲೆಯೇ ಇರಲಿಲ್ಲ. ಈತನೇ ಸತೋಶಿ ಇರಬಹುದು ಅಂತ ಹಲವರು ಗುಮಾನಿಪಟ್ಟರು. ಆತ ಕೊನೆವರೆಗೂ ನಿರಾಕರಿಸಿದ.

ಅದೇ ವರ್ಷ ಆಗಸ್ಟ್‌ನಲ್ಲಿ ಕಾಯಿಲೆ ಪತ್ತೆಯಾಯ್ತು. ಎಎಲ್‌ಎಸ್. ಸ್ಟೀಫನ್ ಹಾಕಿಂಗ್‌ಗೆ ಇದ್ದದ್ದು. ನರಗಳು ಸ್ನಾಯುಗಳ ಮೇಲಿನ ಹಿಡಿತ ಒಂದೊಂದಾಗಿ ಬಿಟ್ಟುಕೊಡುತ್ತವೆ. ಓಟದ ಹುಚ್ಚಿದ್ದ ಮನುಷ್ಯ 2011ರ ಶುರುವಿನಲ್ಲಿ ಕೆಲಸ ಬಿಡಬೇಕಾಯ್ತು.

ಲಾಕರ್‌ನೊಳಗಿನ ಕೀಲಿ

2010ರ ಕೊನೆಗೆ ಬಿಟ್‌ಕಾಯಿನ್ ಇನ್ನೂ ಬದುಕಿದೆ, ಅದಕ್ಕೆ ಬೆಲೆಯೂ ಬಂದಿದೆ ಅಂತ ಫಿನ್ನಿಗೆ ತಿಳಿಯಿತು. ಹಳೆಯ ವ್ಯಾಲೆಟ್ ಫೈಲ್ ಹುಡುಕಿ ತೆಗೆದ, ನಾಣ್ಯಗಳು ಹಾಗೇ ಇದ್ದವು. ಬೆಲೆ ಏರುತ್ತಾ ಹೋದಂತೆ ಅವನ್ನು ಅಂತರ್ಜಾಲದ ಸಂಪರ್ಕವೇ ಇಲ್ಲದ ವ್ಯಾಲೆಟ್‌ಗೆ ಸಾಗಿಸಿ, ಬ್ಯಾಂಕ್ ಲಾಕರ್‌ನಲ್ಲಿಟ್ಟ. ಮಗ, ಮಗಳು ಇಬ್ಬರಿಗೂ ತಂತ್ರಜ್ಞಾನ ಗೊತ್ತಿತ್ತು. ತಾನಿಲ್ಲದ ಮೇಲೂ ಅವರು ತೆಗೆಯಬಲ್ಲರು ಅನ್ನೋ ಲೆಕ್ಕ ಆತನದು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ವ್ಯಾಲೆಟ್ ಎಂಬ ಪದವೇ ದಾರಿ ತಪ್ಪಿಸುತ್ತೆ. ವ್ಯಾಲೆಟ್ ಒಳಗೆ ನಾಣ್ಯ ಇರಲ್ಲ. ಯಾರ ಹೆಸರಿಗೆ ಎಷ್ಟು ಅನ್ನೋ ಲೆಕ್ಕದ ಪುಸ್ತಕ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಬಹಿರಂಗವಾಗಿಯೇ ಇರುತ್ತೆ. ನಿಮ್ಮ ಹತ್ತಿರ ಇರೋದು ಆ ಪುಸ್ತಕದಲ್ಲಿ ಸಹಿ ಹಾಕುವ ಕೀಲಿ ಮಾತ್ರ, 256 ಬಿಟ್‌ನ ಒಂದು ಸಂಖ್ಯೆ. ಅದು ಯಾರ ಕೈಲಿದೆಯೋ ಹಣ ಅವರದ್ದು. ಕಳೆದರೆ ಹೋಯ್ತು, ಬದಲಿ ಕೊಡುವ ಬ್ರಾಂಚ್ ಮ್ಯಾನೇಜರ್ ಯಾರೂ ಇಲ್ಲ.

ಆ ಕೀಲಿಯನ್ನು ಮೂರು ರೀತಿ ಇಡಬಹುದು. ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಬಿಟ್ಟರೆ ಕೀಲಿ ಕಂಪನಿಯ ಹತ್ತಿರ. ನಿಮ್ಮ ಪರದೆ ಮೇಲೆ ಕಾಣೋದು ಬರೀ ಬಾಕಿ ಲೆಕ್ಕ. ಮೊಬೈಲ್ ಅಥವಾ ಕಂಪ್ಯೂಟರ್‌ನ ಹಾಟ್ ವ್ಯಾಲೆಟ್‌ನಲ್ಲಿಟ್ಟರೆ ಕೀಲಿ ನಿಮ್ಮದೇ, ಆದರೆ ಸದಾ ನೆಟ್‌ಗೆ ತೆರೆದುಕೊಂಡಿರುತ್ತೆ; ಒಂದು ಕೆಟ್ಟ ಲಿಂಕ್ ಸಾಕು. ಮೂರನೆಯದು ಕೋಲ್ಡ್ ವ್ಯಾಲೆಟ್. ಕೀಲಿ ನೆಟ್ ಮುಟ್ಟೋದೇ ಇಲ್ಲ. ಇವತ್ತು ಪೆನ್‌ಡ್ರೈವ್‌ನಷ್ಟು ಚಿಕ್ಕ ಹಾರ್ಡ್‌ವೇರ್ ವ್ಯಾಲೆಟ್‌ಗಳು ಸಿಗುತ್ತವೆ, ಸಹಿ ಸಾಧನದ ಒಳಗೇ ಆಗುತ್ತೆ. ಸಾಧನ ಕೆಟ್ಟರೆ ಮತ್ತೆ ಪಡೆಯಲು 12 ಅಥವಾ 24 ಇಂಗ್ಲಿಷ್ ಪದಗಳ ಸೀಡ್ ಫ್ರೇಸ್ ಕೊಡುತ್ತಾರೆ. ಆ ಪದಗಳೇ ಕೀಲಿ. ನನ್ನ ಜೊತೆ ಓದಿದವನೊಬ್ಬ ದುಬಾರಿ ಸಾಧನ ಕೊಂಡು, ಪದಗಳ ಫೋಟೋ ತೆಗೆದು ಮೊಬೈಲ್ ಗ್ಯಾಲರಿಯಲ್ಲಿಟ್ಟಿದ್ದ. ಬಾಗಿಲಿಗೆ ಬೀಗ ಜಡಿದು ಕೀಲಿಯನ್ನ ಹೊಸ್ತಿಲ ಮೇಲಿಟ್ಟ ಹಾಗೆ.

ಫಿನ್ನಿ ಲಾಕರ್ ಆರಿಸಿಕೊಂಡದ್ದು ಎಷ್ಟು ಸರಿ ಅಂತ 2014ರ ಫೆಬ್ರವರಿಯಲ್ಲಿ ಗೊತ್ತಾಯ್ತು. ಟೋಕಿಯೊದ ಮೌಂಟ್ ಗಾಕ್ಸ್, ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಿಟ್‌ಕಾಯಿನ್ ಎಕ್ಸ್‌ಚೇಂಜ್, ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿವೆ ಅಂತ ಹೇಳಿ ದಿವಾಳಿಯಾಯ್ತು. 2 ಲಕ್ಷ ಆಮೇಲೆ ಹಳೇ ವ್ಯಾಲೆಟ್ ಒಂದರಲ್ಲಿ ಸಿಕ್ಕವು. ಅಲ್ಲಿ ಇಟ್ಟವರು ಹತ್ತು ವರ್ಷ ಕಾದರು.

ಫಿನ್ನಿ ಮಾತ್ರ ತನ್ನ ಲಾಕರ್‌ಗಷ್ಟೇ ತೃಪ್ತನಾಗಲಿಲ್ಲ. ಕಣ್ಣಿನ ಚಲನೆ ಗುರುತಿಸುವ ಸಾಧನದ ನೆರವಿನಿಂದ, ಮೊದಲಿಗಿಂತ 50 ಪಟ್ಟು ನಿಧಾನವಾಗಿ, ಕೋಡ್ ಬರೆಯುತ್ತಿದ್ದ. ಕಂಪ್ಯೂಟರ್‌ಗೆ ವೈರಸ್ ಹೊಕ್ಕರೂ ವ್ಯಾಲೆಟ್ ಕೀಲಿ ಕಳ್ಳನ ಕೈಗೆ ಸಿಗದಂತೆ ಚಿಪ್‌ನ ಭದ್ರತೆಯನ್ನು ಬಳಸುವ ತಂತ್ರಾಂಶ ಅದು. ಹೆಸರು ಬಿಸಿಫ್ಲಿಕ್. ಬೆರಳು ಆಡದ ಮನುಷ್ಯ ಬೇರೆಯವರ ಹಣ ಕಾಯಲು ಕಣ್ಣಲ್ಲೇ ಬೀಗ ಕೆತ್ತುತ್ತಿದ್ದ.

ಬೀಗ ಕಾಯದ್ದು

ಹಾಗಿದ್ದರೆ ಆತನ ನಾಣ್ಯ ಏನಾದವು? ಹೆಚ್ಚಿನವು ಚಿಕಿತ್ಸೆಗೆ ಹೋದವು. ಬಿಟ್‌ಕಾಯಿನ್‌ಗೆ ಸುಮಾರು 100 ಡಾಲರ್ ಇದ್ದಾಗ ಕುಟುಂಬ ಬಹುಪಾಲನ್ನು ಮಾರಿತ್ತು, ಬೆಲೆ ಸಾವಿರ ಡಾಲರ್ ಮುಟ್ಟುವ ಮೊದಲೇ. ಯಾವ ಹ್ಯಾಕರ್‌ಗೂ ಸಿಗದ ಹಣವನ್ನು ಅಮೆರಿಕದ ಆಸ್ಪತ್ರೆ ಬಿಲ್ ನುಂಗಿತು.

ಇದು ಬ್ಲ್ಯಾಕ್‌ಮೇಲ್ ಮಾಡಿದವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಕಿರಲಿಲ್ಲ. ಮೊದಲ ನಾಣ್ಯ ಪಡೆದವನ ಹತ್ತಿರ ರಾಶಿ ಇರಲೇಬೇಕು ಅನ್ನೋದು ಅವನ ಊಹೆ. ಆಗಿನ ಬೆಲೆಯಲ್ಲಿ 4 ಲಕ್ಷ ಡಾಲರ್‌ಗೂ ಮೀರಿದ ಮೊತ್ತಕ್ಕೆ ತಿಂಗಳುಗಟ್ಟಲೆ ಬೆದರಿಸಿದ. ಗಣಿತದ ಬೀಗ ಒಡೆಯಲಾಗದವನು ಪೊಲೀಸರನ್ನೇ ಆಯುಧ ಮಾಡಿಕೊಂಡು ಮನೆ ಬಾಗಿಲಿಗೆ ಕಳಿಸಿದ. 256 ಬಿಟ್‌ನ ಕೀಲಿ ಇದರಿಂದ ಕಾಪಾಡಲ್ಲ.

ಕ್ರಿಪ್ಟೋ ಗೆಳೆಯರು ಬಾಯಿ ತೆರೆದರೆ ಕೀಲಿ ನಿನ್ನದಾಗಿರಲಿ, ಮಿಕ್ಕಿದ್ದು ತಾನಾಗಿ ಆಗುತ್ತೆ ಅಂತಾರೆ. ಮೊದಲ ಭಾಗಕ್ಕೆ ನನ್ನ ಪೂರ್ತಿ ಸಹಮತ ಇದೆ. ಎರಡನೆಯದನ್ನು ಫಿನ್ನಿಯ ಬದುಕೇ ಸುಳ್ಳು ಮಾಡಿದೆ. ಆತನ ಕೀಲಿ ಆತನ ಕೈಲೇ ಇತ್ತು. ಇಲ್ಲದೇ ಇದ್ದದ್ದು ಕಾಯಿಲೆ ಬಿದ್ದವನ ಖರ್ಚು ಹೊರುವ ವ್ಯವಸ್ಥೆ ಮತ್ತು ಸುಳ್ಳು ಕರೆಗೆ ಬಂದೂಕು ಹಿಡಿದು ಓಡಿಬರದ ಪೊಲೀಸು. ಅವು ಕೋಡ್ ಬರೆದರೆ ಬರಲ್ಲ, ರಾಜಕೀಯದಿಂದ ಬರಬೇಕು.

ನಮ್ಮಲ್ಲಿ ನೋಡಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಜುಲೈನಿಂದ 1% ಟಿಡಿಎಸ್. 2024ರ ಜುಲೈ 18ರಂದು ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳುವಾಯ್ತು. ಹಲವು ಸಹಿ ಬೇಕಿದ್ದ ವ್ಯಾಲೆಟ್ಟೇ ಹೋಯ್ತು. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೈವಾಡ ಅಂತ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿದವು. ಗ್ರಾಹಕರು ಒಂದು ವರ್ಷಕ್ಕೂ ಹೆಚ್ಚು ಕಾದರು. ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ಇರುವ ವಿಮೆಯಂಥದ್ದು ಇಲ್ಲಿಲ್ಲ. ತೆರಿಗೆ ವಸೂಲಿಗೆ ಸರ್ಕಾರ ಇದೆ, ಕಳ್ಳತನವಾದ ದಿನ ಇಲ್ಲ.

ಬೆಂಗಳೂರಿನ ಕಥೆಯೂ ನೆನಪಿರಲಿ. 2020ರ ನವೆಂಬರ್‌ನಲ್ಲಿ ಬಂಧಿತನಾದ ಹ್ಯಾಕರ್‌ನಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಅಂತ ಪೊಲೀಸರು ಹೇಳಿದ್ದರು. ಆಮೇಲೆ ನೋಡಿದರೆ ನಾಣ್ಯ ಅವರ ಕೈಲಿರಲೇ ಇಲ್ಲ. 2021ರಲ್ಲಿ ಅದು ದೊಡ್ಡ ರಾಜಕೀಯ ಗದ್ದಲವಾಗಿ, 2023ರಲ್ಲಿ ವಿಶೇಷ ತನಿಖಾ ತಂಡ ರಚನೆಯಾಯ್ತು. ಪರದೆ ಮೇಲೆ ಕಂಡದ್ದು ನಮ್ಮದು ಅಂದುಕೊಳ್ಳುವ ತಪ್ಪು ಸಾಮಾನ್ಯ ಹೂಡಿಕೆದಾರನದ್ದಷ್ಟೇ ಅಲ್ಲ.

ಇದರಲ್ಲಿ ಹಣ ಹಾಕಿ ಅಂತ ನಾನು ಹೇಳುತ್ತಿಲ್ಲ. ಹಾಕಿದ್ದರೆ ಫಿನ್ನಿಯಿಂದ ಇಷ್ಟು ಕಲಿಯಿರಿ. ದಿನದ ವ್ಯವಹಾರಕ್ಕೆ ಬೇಕಾದಷ್ಟೇ ಮೊಬೈಲ್‌ನಲ್ಲಿರಲಿ, ಉಳಿದದ್ದು ಕೋಲ್ಡ್ ವ್ಯಾಲೆಟ್‌ಗೆ ಹೋಗಲಿ. ಸೀಡ್ ಫ್ರೇಸನ್ನು ಕೈಯಲ್ಲಿ ಕಾಗದದ ಮೇಲೆ ಬರೆದು ಎರಡು ಬೇರೆ ಜಾಗದಲ್ಲಿಡಿ. ಸಪೋರ್ಟ್‌ನವರು ಅಂತ ಹೇಳಿಕೊಂಡು ಯಾರೇ ಕೇಳಿದರೂ ಹೇಳಬೇಡಿ, ಕೇಳಿದವನು ಕಳ್ಳನೇ. ನೀವಿಲ್ಲದಾಗ ಅದನ್ನು ಹೇಗೆ ತೆಗೆಯಬೇಕು ಅಂತ ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಎಷ್ಟಿದೆ ಅಂತ ಮಾತ್ರ ವಾಟ್ಸಾಪ್ ಗ್ರೂಪ್‌ನಲ್ಲಿ ಹೇಳಿಕೊಂಡು ತಿರುಗಬೇಡಿ.

2014ರ ಆಗಸ್ಟ್ 28ರಂದು ಹಾಲ್ ಫಿನ್ನಿ ಅರಿಜೋನಾದ ಫೀನಿಕ್ಸ್‌ನಲ್ಲಿ ತೀರಿಕೊಂಡ. ವಯಸ್ಸು 58. ಆತನ ಇಷ್ಟದಂತೆಯೇ ದೇಹವನ್ನು ಆಲ್ಕೋರ್ ಎಂಬ ಸಂಸ್ಥೆ ದ್ರವ ಸಾರಜನಕದಲ್ಲಿ ಕಾಪಿಟ್ಟಿದೆ, ಮುಂದೊಂದು ದಿನ ವಿಜ್ಞಾನ ಎಬ್ಬಿಸಬಹುದು ಅನ್ನೋ ನಂಬಿಕೆಯಲ್ಲಿ. ಎದ್ದು ಬರುತ್ತಾನೋ ಇಲ್ಲವೋ. ಬಂದರೆ, ತಾನು ಬರೆದ ಬೀಗಗಳ ವಂಶ ಇನ್ನೂ ಗಟ್ಟಿಯಾಗಿರುವುದನ್ನು ನೋಡಿ ಖುಷಿಪಡಬಹುದು. ಆಸ್ಪತ್ರೆ ಬಿಲ್ ಮತ್ತು ಪೊಲೀಸರ ವಿಷಯ ಕೇಳಿದರೆ ನಾವು ಏನು ಹೇಳಬೇಕು ಅನ್ನೋದು ಮಾತ್ರ ಇನ್ನೂ ನಮ್ಮ ಕೈಲೇ ಇದೆ.